ಏಳೂವರೆ ಸುತ್ತು

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಈಜುಕೊಳ ಸಮಿತಿಯ ಅಧ್ಯಕ್ಷರೇ; ಅವರ ಬಲಗಡೆ ಕುಳಿತಿರುವ, ಇವತ್ತಿನ ಮುಖ್ಯ ಅತಿಥಿಗಳಾದ ನಿವೃತ್ತ ತಪಾಸಣಾ ಇಂಜಿನಿಯರ್ ಸಾಹೇಬರೇ; ಎಡಗಡೆಯ ಖಾಲಿ ಕುರ್ಚಿಯೇ — ಕ್ಷಮಿಸಿ, ಅದು ನನ್ನದು; ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಸಹೋದ್ಯೋಗಿಗಳೇ; ಎರಡನೆಯ ಸಾಲಿನಲ್ಲಿ ಕುಳಿತು ನನಗೆ ಕಣ್ಸನ್ನೆ ಮಾಡುತ್ತಿರುವ ನನ್ನ ಮನೆಯವರೇ ಮತ್ತು ಮಗಳೇ; ಬೇಸಿಗೆ ಶಿಬಿರದ ಮಕ್ಕಳೇ, ಅವರನ್ನು ಕರೆತಂದ ತಂದೆತಾಯಿಗಳೇ, ಸಭಿಕರೇ.

ಎಲ್ಲರಿಗೂ ಕೇಳಿಸುತ್ತಿದೆಯೇ? ಹಿಂದಿನ ಸಾಲಿನವರಿಗೆ? ಕೇಳಿಸದಿದ್ದವರು ಕೈ ಎತ್ತಿ. ಯಾರೂ ಎತ್ತಲಿಲ್ಲ. ಅಂದರೆ ಎಲ್ಲರಿಗೂ ಕೇಳಿಸುತ್ತಿದೆ, ಇಲ್ಲವೇ ಈ ಮಾತೂ ಕೇಳಿಸಿಲ್ಲ.

ನಾನು ಐದು ಹಾಳೆ ಬರೆದುಕೊಂಡು ಬಂದಿದ್ದೇನೆ. ಹಾಳೆಗಳು ಕ್ರಮವಾಗಿ ಇವೆಯೇ ಎಂದು ಮನೆಯಲ್ಲಿ ಒಮ್ಮೆ ನೋಡಿದೆ, ಬಸ್ಸಿನಲ್ಲಿ ಒಮ್ಮೆ ನೋಡಿದೆ, ವೇದಿಕೆಯ ಹಿಂದೆ ನಿಂತು ಮತ್ತೊಮ್ಮೆ ನೋಡಿದೆ. ಆ ಮೂರನೆಯ ಸಲ ನೋಡುವಾಗಲೇ ಕೈ ಜಾರಿ ಕೆಳಗೆ ಬಿದ್ದವು. ಆದ್ದರಿಂದ ಭಾಷಣ ಮಧ್ಯದಲ್ಲಿ ಎಲ್ಲಾದರೂ ನೆಗೆದರೆ ದಯವಿಟ್ಟು ನೀವೂ ನೆಗೆಯಬೇಕು. ಇಲ್ಲಿ ನನ್ನನ್ನು ಎಲ್ಲರೂ 'ಇನ್ನೊಂದ್ಸಲ' ಎಂದು ಕರೆಯುತ್ತಾರೆ. ಅದು ಯಾಕೆಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮೇಜಿನ ಮೇಲೆ ಗಾಜಿನ ಚೌಕಟ್ಟು ಹಾಕಿದ ಒಂದು ಅಭಿನಂದನಾ ಪತ್ರ ಇದೆ. ಅದರಲ್ಲಿರುವುದನ್ನು ಅಧ್ಯಕ್ಷರು ಈಗತಾನೇ ಓದಿದರು. 'ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಒಂದು ದಿನವೂ ಕರ್ತವ್ಯಲೋಪವಿಲ್ಲದೆ ಪಂಪ್‌ಹೌಸನ್ನು ಕಾಪಾಡಿದ' ಎಂದು ಅದರಲ್ಲಿದೆ. ಕೊಡುವುದಕ್ಕೆ ನಮ್ಮ ಪುಟ್ಟ ಮಕ್ಕಳ ಕೋಚ್ ಎದ್ದು ಬಂದಳು. ನಾನು, ಮೊದಲು ಮಾತಾಡುತ್ತೇನೆ, ಆಮೇಲೆ ತೆಗೆದುಕೊಳ್ಳುತ್ತೇನೆ ಎಂದೆ. ಅಧ್ಯಕ್ಷರು ಅದನ್ನು ಸಂಕೋಚ ಎಂದುಕೊಂಡು ನಕ್ಕರು. ಅಧ್ಯಕ್ಷರೇ, ಅದು ಸಂಕೋಚ ಅಲ್ಲ. ಭಯ. ಆ ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಇದೆ. ಆ ಒಂದು ದಿನವನ್ನು ಒಳಗೆ ಇಟ್ಟುಕೊಂಡು ಈ ಪತ್ರವನ್ನು ಮನೆಗೆ ಒಯ್ದು ಗೋಡೆಗೆ ಹಾಕಿದರೆ ನಾನು ದಿನಾ ಗೋಡೆಯ ಕಡೆ ಬೆನ್ನು ಹಾಕಿ ಊಟ ಮಾಡಬೇಕಾಗುತ್ತದೆ. ಆದ್ದರಿಂದ ಹೇಳಿಬಿಡುತ್ತೇನೆ. ಕೇಳಿದ ಮೇಲೂ ಕೊಡಬೇಕೆನಿಸಿದರೆ ಕೊಡಿ. ಬೇಡವೆನಿಸಿದರೆ ಟಿಕೆಟ್ ಕೌಂಟರಿನ ಕಿಟಕಿಯ ಒಂದು ಗಾಜು ಒಡೆದಿದೆ, ಇದರ ಗಾಜು ಅಳತೆಗೆ ಸರಿಯಾಗಿಯೇ ಹೊಂದುತ್ತದೆ.

ಆದರೆ ಆ ದಿನದ ಕತೆ ಅರ್ಥವಾಗಬೇಕಾದರೆ ನನ್ನ ಇಂಗ್ಲಿಷಿನ ಕತೆ ಮೊದಲು ಗೊತ್ತಾಗಬೇಕು. ಹೆದರಬೇಡಿ, ಸಣ್ಣದು.

ನಮ್ಮ ತಂದೆ ರಸ್ತೆ ರೋಲರ್ ಓಡಿಸುತ್ತಿದ್ದರು. ರಸ್ತೆ ಎಲ್ಲಿಗೆ ಹೋಗುತ್ತದೋ ಸಂಸಾರವೂ ಅಲ್ಲಿಗೆ. ರೋಲರ್ ಎಷ್ಟು ನಿಧಾನಕ್ಕೆ ಹೋಗುತ್ತದೆ ಎಂದು ನಿಮಗೆ ಗೊತ್ತು, ಆದರೂ ನನ್ನ ಶಾಲೆ ಅದಕ್ಕೆ ಸಮನಾಗಿ ಓಡಲಿಲ್ಲ. ನಾಲ್ಕು ಶಾಲೆ ಕಂಡೆ. ನಾಲ್ಕರಲ್ಲೂ ಇಂಗ್ಲಿಷ್ ಪುಸ್ತಕದ ಮೊದಲ ಹನ್ನೆರಡು ಪುಟ ಓದಿದ್ದೇನೆ. ಹದಿಮೂರನೆಯ ಪುಟದಲ್ಲಿ ಏನಿತ್ತು ಎಂಬುದು ಇವತ್ತಿಗೂ ಗೊತ್ತಿಲ್ಲ. ಏಳನೆಯ ತರಗತಿಯ ಅರ್ಧದಲ್ಲಿ ಪುಸ್ತಕವೂ ಮುಗಿಯಿತು, ಶಾಲೆಯೂ ಮುಗಿಯಿತು.

ಹಾಗಾದರೆ ನನಗೆ ಇಂಗ್ಲಿಷ್ ಕಲಿಸಿದವರು ಯಾರು? ಇಲ್ಲಿ ಕುಳಿತಿರುವ ಇಂಜಿನಿಯರ್ ಸಾಹೇಬರು! ಅವರಿಗೇ ಗೊತ್ತಿಲ್ಲ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದರು. ಇಸ್ತ್ರಿ ಮುರಿಯದ ಪ್ಯಾಂಟು, ಬಿಳಿ ಬೂಟು, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಹಾಳೆ. ವಾರ ಬಿಟ್ಟು ಅವರ ವರದಿ ಬಂದು ಪಂಪ್‌ಹೌಸಿನ ಬಾಗಿಲಿಗೆ ಅಂಟುತ್ತಿತ್ತು. ನಾನು ಅದನ್ನು ಒಬ್ಬರಿಂದ ಓದಿಸಿ, ಕನ್ನಡ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಆ ಪುಸ್ತಕ ಈಗಲೂ ಇದೆ. ಫ್ಲೋರ್ ವಾಸ್ ನಾಟ್ ಪ್ರಾಪರ್ಲಿ ಸ್ಕ್ರಬ್ಡ್. ಲೈಟ್ಸ್ ವರ್ ನಾಟ್ ರೆಗ್ಯುಲರ್ಲಿ ಚೆಕ್ಡ್. ಮೋಟರ್ ವಾಸ್ ನಾಟ್ ಸಫಿಶಿಯೆಂಟ್ಲಿ ಆಯಿಲ್ಡ್. ರಿಜಿಸ್ಟರ್ ವಾಸ್ ನಾಟ್ ನೀಟ್ಲಿ ರಿಟನ್. ಇಂಥವು ಇನ್ನೂರಹನ್ನೊಂದು ಇವೆ.

ಇಷ್ಟೇ ನನ್ನ ಇಂಗ್ಲಿಷ್. ಇದರಲ್ಲಿ ಒಂದು ಶಿಸ್ತು ಇದೆ, ಗಮನಿಸಿದಿರಾ? ನನ್ನ ಇಂಗ್ಲಿಷಿನಲ್ಲಿ ಯಾವ ಕೆಲಸವೂ ಒಮ್ಮೆಯೂ ನೆಟ್ಟಗೆ ಆಗಿಲ್ಲ. ಮತ್ತು ಅದನ್ನು ಯಾರೂ ಮಾಡಿಲ್ಲ. ನೆಲ ಇದೆ, ದೀಪ ಇದೆ, ಮೋಟರ್ ಇದೆ, ಮನುಷ್ಯರೇ ಇಲ್ಲ. ಆ ಭಾಷೆಯಲ್ಲಿ ಈಜುಕೊಳ ತನ್ನಷ್ಟಕ್ಕೆ ತಾನೇ ಕೊಳೆಯಾಗುತ್ತದೆ.

ನಾನು ಈ ಇಂಗ್ಲಿಷನ್ನು ಒಮ್ಮೆ ಮನೆಯಲ್ಲಿ ಪ್ರಯೋಗಿಸಿದೆ. ಊಟಕ್ಕೆ ಕುಳಿತಾಗ ಬಹಳ ಮರ್ಯಾದೆಯಿಂದ, 'ಸಾಲ್ಟ್ ವಾಸ್ ನಾಟ್ ಪ್ರಾಪರ್ಲಿ ಪುಟ್' ಎಂದೆ. ಮನೆಯವರು ಸೌಟು ಹಿಡಿದುಕೊಂಡೇ ಕೇಳಿದರು: 'ಯಾರು ಹಾಕಿದ್ದು ಅಂತ ಧೈರ್ಯವಾಗಿ ಹೇಳ್ರಿ ನೋಡೋಣ.' ಸಭಿಕರೇ, ನಾನು ಹೇಳಲಿಲ್ಲ. ಇಂಗ್ಲಿಷಿನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಕನ್ನಡದಲ್ಲಿ ಇಷ್ಟು ಸುಲಭವಿಲ್ಲ. 'ಸರಿಯಾಗಿ ಮುಚ್ಚಿಲ್ಲ' ಎಂದು ನೀವು ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರು ತಕ್ಷಣ 'ಯಾರು, ನಾನಾ?' ಎನ್ನುತ್ತಾರೆ. ಇನ್ನೊಂದು ವ್ಯತ್ಯಾಸ. ಇಂಗ್ಲಿಷಿನವರ 'ನಾಟ್' ಮೊದಲೇ ಬಂದು ಕುಳಿತುಬಿಡುತ್ತದೆ. ನಮ್ಮ 'ಇಲ್ಲ' ಬರುವುದು ಕೊನೆಗೆ. ಅದು ಬರುವ ತನಕ ನಮಗೆ ಒಂದಿಷ್ಟು ಆಸೆ ಇರುತ್ತದೆ. 'ವಾಲ್ವನ್ನು... ಸರಿಯಾಗಿ... ಪೂರ್ತಿಯಾಗಿ... ಮುಚ್ಚಿ...' ಎನ್ನುವವರೆಗೂ ನಾನು ಬದುಕಿರುತ್ತೇನೆ.

ವಾಲ್ವ್ ಎಂದೆನಲ್ಲ, ಆ ವಿಷಯಕ್ಕೆ ಬಂದೆ. ಎರಡನೆಯ ಹಾಳೆ. ಅಲ್ಲ, ಇದು ನಾಲ್ಕನೆಯದು. ಇರಲಿ, ಬಾಯಲ್ಲೇ ಹೇಳುತ್ತೇನೆ.

ನೀವೆಲ್ಲ ಈಜುವುದು ಮೇಲೆ. ನನ್ನ ಕೆಲಸ ಕೆಳಗೆ. ಕೊಳದ ಆಳದ ತುದಿಯಲ್ಲಿ, ತಳದಲ್ಲಿ, ಒಂದು ಕಿಂಡಿ ಇದೆ. ಅದರಿಂದ ಒಂದು ಪೈಪು ಹೊರಟು ಪಂಪ್‌ಹೌಸಿನ ಪಕ್ಕದ ಗುಂಡಿಗೆ ಬರುತ್ತದೆ. ಗುಂಡಿಗೆ ಹನ್ನೊಂದು ಮೆಟ್ಟಿಲು. ಕೆಳಗೆ ಒಂದು ಕಬ್ಬಿಣದ ಚಕ್ರ, ಬಸ್ಸಿನ ಸ್ಟೀರಿಂಗಿಗಿಂತ ಸ್ವಲ್ಪ ಚಿಕ್ಕದು. ದಿನಾ ಸಂಜೆ ಈಜುವವರೆಲ್ಲ ಹೋದ ಮೇಲೆ ಅದನ್ನು ಬಿಚ್ಚಿ, ತಳದಲ್ಲಿ ಕೂತ ಕೊಳೆಯನ್ನು ಒಂದಿಷ್ಟು ನೀರಿನ ಜೊತೆ ಹೊರಗೆ ಬಿಟ್ಟು, ಮತ್ತೆ ಮುಚ್ಚಬೇಕು. ಬಿಚ್ಚಲು ಏಳೂವರೆ ಸುತ್ತು. ಮುಚ್ಚಲು ಏಳೂವರೆ ಸುತ್ತು. ನಾನು ಬಾಯಿಬಿಟ್ಟು ಎಣಿಸುತ್ತೇನೆ.

ಹದಿನಾರು ವರ್ಷದ ಹಿಂದೆ, ಜಿಲ್ಲಾ ಮಟ್ಟದ ಮಕ್ಕಳ ಈಜು ಸ್ಪರ್ಧೆಯ ಹಿಂದಿನ ಸಂಜೆ. ಗುಂಡಿಗೆ ಇಳಿದು ಮುಚ್ಚುತ್ತಿದ್ದೇನೆ. ಒಂದು, ಎರಡು, ಮೂರು, ನಾಲ್ಕು, ಐದು. ಆಗ ತಲೆಯೊಳಗೆ ಒಂದು ಮಾತು ಬಂತು: ಬೆಳಗ್ಗೆ ಚಹಾ ಮಾಡಿದೆನಲ್ಲ, ಒಲೆ ಆರಿಸಿದೆನಾ?

ಮನೆಯವರು ಆ ವಾರ ತವರಿಗೆ ಹೋಗಿದ್ದರು, ಮಗಳೂ ಜೊತೆಗೆ. ಮನೆಗೆ ಬೀಗ. ಒಳಗೆ ಒಲೆ, ಒಲೆಯ ಮೇಲೆ ಪಾತ್ರೆ, ಪಕ್ಕದಲ್ಲಿ ಪರದೆ, ಮೇಲುಗಡೆ ಮನೆಯ ಅಜ್ಜಿ, ಅಜ್ಜಿಗೆ ನಡೆಯಲು ಆಗುವುದಿಲ್ಲ... ಇಷ್ಟನ್ನೂ ನಾನು ಅರ್ಧ ಸುತ್ತಿನಲ್ಲಿ ಯೋಚಿಸಿದೆ. ಮೆಟ್ಟಿಲು ಹತ್ತಿದ್ದು ನೆನಪಿದೆ. ಓಡಿದ್ದು ನೆನಪಿದೆ. ಆರು, ಏಳು ಎಂದದ್ದು ನೆನಪಿಲ್ಲ. ಮನೆಗೆ ಹೋಗಿ ನೋಡುತ್ತೇನೆ: ಒಲೆ ಆರಿತ್ತು. ಸಿಲಿಂಡರನ್ನೂ ಬಂದ್ ಮಾಡಿತ್ತು. ಒಲೆಯ ಪಕ್ಕದಲ್ಲಿ ಒಂದು ಚೀಟಿ, 'ಆರಿಸಿದ್ದೇನೆ' ಎಂದು. ಅಕ್ಷರ ನನ್ನದೇ.

ನಗಿ. ನಾನೂ ಅವತ್ತು ನಕ್ಕು, ನೆಮ್ಮದಿಯಾಗಿ ಮಲಗಿದೆ. ನನ್ನ ಜೀವನದಲ್ಲಿ ನಾನು ನೆಮ್ಮದಿಯಾಗಿ ಮಲಗಿದ ಒಂದೇ ರಾತ್ರಿ ಅದು. ಅದರ ಫಲ ನೋಡಿ.

ಬೆಳಗ್ಗೆ ಬಂದರೆ ಕೊಳದಲ್ಲಿ ನೀರಿಲ್ಲ. ಆಳದ ತುದಿಯಲ್ಲಿ ಮೊಣಕಾಲುದ್ದ ಇತ್ತು, ಅಷ್ಟೇ. ಉಳಿದದ್ದೆಲ್ಲ ನೀಲಿ ಬಿಲ್ಲೆ. ತಳದಲ್ಲಿ ಎಷ್ಟೋ ವರ್ಷದ ಹೇರ್‌ಪಿನ್ನುಗಳು, ಒಂದು ಚಪ್ಪಲಿ, ಒಂದು ಹಲ್ಲಿನ ಸೆಟ್ಟು. ಆ ಹಲ್ಲನ್ನು ಕೇಳಿಕೊಂಡು ಇಲ್ಲಿಯವರೆಗೂ ಯಾರೂ ಬಂದಿಲ್ಲ. ಸಭೆಯಲ್ಲಿದ್ದರೆ ಆಮೇಲೆ ಆಫೀಸಿನಲ್ಲಿ ಗುಟ್ಟಾಗಿ ವಿಚಾರಿಸಬಹುದು.

ನನಗಿಂತ ಮೊದಲೇ ಬಂದಿದ್ದವಳು ಒಬ್ಬಳೇ. ನಾವೆಲ್ಲ ಕಪ್ಪೆಮರಿ ಎಂದು ಕರೆಯುತ್ತಿದ್ದ ಹುಡುಗಿ. ಹದಿಮೂರು ವರ್ಷ. ತಲೆಗೆ ಟೋಪಿ, ಹಣೆಯ ಮೇಲೆ ಕನ್ನಡಕ, ಎಲ್ಲ ಹಾಕಿಕೊಂಡು, ಜಿಗಿಯುವ ಕಟ್ಟೆಯ ಮೇಲೆ ಕುಳಿತು ಖಾಲಿ ಕೊಳಕ್ಕೆ ಕಾಲು ಇಳಿಬಿಟ್ಟಿದ್ದಳು. ನನ್ನನ್ನು ನೋಡಿ, 'ಮಾಮ, ನೀರೆಲ್ಲಿ ಹೋಯ್ತು?' ಎಂದು ಕೇಳಿದಳು. ನಾನು, 'ಬರುತ್ತೆ ಪುಟ್ಟಿ' ಎಂದೆ. ತುಂಬುವುದಕ್ಕೆ ಮೂರು ದಿನ ಹಿಡಿಯಿತು. ಸ್ಪರ್ಧೆ ಮುಂದಿನ ವಾರ ಬೇರೆ ಊರಿನ ಕೊಳದಲ್ಲಿ ನಡೆಯಿತು. ಅವತ್ತೇ ಅವಳಿಗೆ ಪರೀಕ್ಷೆ. ಹದಿನಾಲ್ಕರೊಳಗಿನವರ ಗುಂಪಿನಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಒಳ್ಳೆಯದಿತ್ತು.

ಮೂರನೆಯ ದಿನ ಸಾಹೇಬರು ಬಂದರು, ನೋಡಿದರು, ಹೋದರು. ವರದಿ ಬಂತು. ಒಂದೇ ವಾಕ್ಯ: ಡ್ರೈನ್ ವಾಲ್ವ್ ವಾಸ್ ನಾಟ್ ಪ್ರಾಪರ್ಲಿ ಕ್ಲೋಸ್ಡ್.

ಅಷ್ಟರಲ್ಲಿ ಮಗಳು ಊರಿನಿಂದ ಬಂದಿದ್ದಳು, ಎಂಟನೆಯ ತರಗತಿ. ಹದಿಮೂರನೆಯ ಪುಟ ದಾಟಿದವಳು. ಅವಳ ಮುಂದೆ ಕೈಕಟ್ಟಿ ಕುಳಿತು ಅರ್ಥ ಕೇಳಿದೆ.

'ಅಪ್ಪಾ, ನಾಟ್ ಕ್ಲೋಸ್ಡ್ ಅಂದಿದ್ರೆ ಮುಚ್ಚೇ ಇಲ್ಲ ಅಂತ ಆಗ್ತಿತ್ತು. ನಾಟ್ ಪ್ರಾಪರ್ಲಿ ಕ್ಲೋಸ್ಡ್ ಅಂದ್ರೆ ಮುಚ್ಚಿದಾರೆ, ಆದ್ರೆ ಸರಿಯಾಗಿ ಮುಚ್ಚಿಲ್ಲ. ಆ ನಾಟ್ ಇದ್ಯಲ್ಲ, ಅದು ಕ್ಲೋಸ್ಡ್‌ನ ಮುಟ್ಟಲ್ಲ. ಪ್ರಾಪರ್ಲಿ ಕೈ ಮಾತ್ರ ಹಿಡ್ಕೊಳ್ಳುತ್ತೆ.'

'ಮುಚ್ಚಿದಾರೆ ಅಂದ್ಯಲ್ಲಮ್ಮ, ಯಾರು?'

'ಅದು ಇದ್ರಲ್ಲಿ ಇಲ್ಲ ಅಪ್ಪಾ. ಬೈ ಅಂತ ಹಾಕಿ ಹೆಸರು ಬರೀಬೇಕು. ಬೇಡ ಅನ್ಸಿದ್ರೆ ಬಿಡಬಹುದು ಅಂತ ನಮ್ಮ ಮಿಸ್ ಹೇಳಿದಾರೆ.'

'ಬಿಟ್ರೆ ತಪ್ಪಲ್ವಾ?'

'ಮಾರ್ಕ್ಸ್ ಹೋಗಲ್ಲ.'

ಸಭಿಕರೇ, ಎಂಥ ವಾಕ್ಯ ನೋಡಿ! ಆ ಸಂಜೆ ವಾಲ್ವಿನ ಹತ್ತಿರ ಸುಳಿಯದವರೆಲ್ಲ ಪಾರಾದರು. ಸಿಕ್ಕಿಬಿದ್ದವನು ಯಾರು? ಮುಚ್ಚಿದವನು. ದಿನಾ ಮುಚ್ಚುವವನು ಯಾರು? ಹೆಸರೇ ಇಲ್ಲದ ಆ ವಾಕ್ಯದಲ್ಲಿ ನನಗೆ ನನ್ನ ಹೆಸರು ಬಿಟ್ಟು ಬೇರೇನೂ ಕಾಣಿಸಲಿಲ್ಲ.

ಮಾರನೆಯ ದಿನ ಸಮಿತಿಯ ಸಭೆ. ಬೈಸಿಕೊಳ್ಳಲೆಂದು ಒಗೆದ ಅಂಗಿ ಹಾಕಿಕೊಂಡು ಹೋಗಿ ಬಾಗಿಲ ಹೊರಗೆ ನಿಂತೆ. ಯಾರೂ ಕರೆಯಲಿಲ್ಲ. ವರದಿಯಲ್ಲಿ ಯಾರೂ ಇಲ್ಲದ ಮೇಲೆ ಯಾರನ್ನು ಕರೆಯುತ್ತಾರೆ? ಅಂದಿನ ಸಮಿತಿಯವರು ವಾಕ್ಯವನ್ನು ಎರಡು ಸಲ ಓದಿ, ತಲೆಯಾಡಿಸಿ, 'ಸದರಿ ವಾಲ್ವಿಗೆ ಹಳದಿ ಬಣ್ಣ ಹೊಡೆಸತಕ್ಕದ್ದು' ಎಂದು ತೀರ್ಮಾನ ಮಾಡಿದರು. ಹೊಡೆಸಲಾಯಿತು. ಹೊಡೆದವನು ನಾನೇ.

ನಾನೇ ಒಳಗೆ ಹೋಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದಿತ್ತು. ಬಾಗಿಲವರೆಗೂ ಹೋಗಿದ್ದೆ. ಆದರೆ ಆ ವಾಕ್ಯ ಹಾಗೆ ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿಟ್ಟರೆ, ಕಾಲಿಗೆ ಒಂದು ನೆವ ಸಿಗುತ್ತದೆ. ನಾಳೆ ಹೇಳೋಣ, ಅವರು ಕೇಳಲಿ ಹೇಳೋಣ... ಹಾಗೇ ಹದಿನಾರು ವರ್ಷ.

ಆದರೆ ಸುಮ್ಮನೆ ಕೂರಲಿಲ್ಲ. ಅವತ್ತಿನಿಂದ ಸಂಜೆ ಮುಚ್ಚಿ, ಗೇಟಿನವರೆಗೆ ಹೋಗಿ, ವಾಪಸು ಬಂದು, ಇಳಿದು ಮತ್ತೆ ನೋಡುತ್ತೇನೆ. ಭಾನುವಾರ ರಜೆ, ಭಾನುವಾರವೂ ಬರುತ್ತೇನೆ. ಊರಾಚೆಯ ಹೊಸ ಕೊಳಕ್ಕೆ ಮೇಲ್ವಿಚಾರಕನಾಗಿ ಹೋಗು, ಮನೆಯನ್ನೂ ಕೊಡುತ್ತಾರೆ ಎಂದಾಗ ಬೇಡವೆಂದೆ. ಇಲ್ಲಿ ಬೇರೆಯವರು ಆರು ಸುತ್ತಿಗೇ ನಿಲ್ಲಿಸಿದರೆ? ಮನೆಯವರು ಅವತ್ತು ಸೌಟೂ ಹಿಡಿಯದೆ ಮೆಲ್ಲಗೆ ಹೇಳಿದರು: 'ನೀವು ಆ ವಾಲ್ವನ್ನೇ ಕಟ್ಕೋಬೇಕಿತ್ತು. ನಾನು ಸುಮ್ಮನೆ ಮಧ್ಯೆ ಬಂದೆ.' ಅವರಿಗೂ ನಾನು ಕಾರಣ ಹೇಳಿರಲಿಲ್ಲ. ಈಗ ಕೇಳಿಸಿಕೊಳ್ಳುತ್ತಿದ್ದಾರೆ. ಕಣ್ಸನ್ನೆ ನಿಂತಿದೆ.

ಈ ಹದಿನಾರು ವರ್ಷದಲ್ಲಿ ಒಂದು ವಿಚಿತ್ರ ಕಂಡೆ, ಅದನ್ನೂ ಹೇಳಬೇಕು. ಸಂಜೆ ನಾನು ಎಷ್ಟು ಬಿಗಿದು ಹೋಗುತ್ತೇನೋ ಮಾರನೆಯ ಸಂಜೆ ಅದಕ್ಕಿಂತ ಹೆಚ್ಚು ಬಿಗಿ ಇರುತ್ತಿತ್ತು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ ಎಂದುಕೊಂಡೆ. ಗುಂಡಿಗೆ ಬಿಸಿಲೇ ಬೀಳುವುದಿಲ್ಲ, ಅದು ಬೇರೆ ಮಾತು. ನನ್ನನ್ನು ಬಿಟ್ಟು ಯಾರೂ ಇಳಿಯದ ಮೆಟ್ಟಿಲಲ್ಲಿ ಧೂಳಿಲ್ಲ. ಒಮ್ಮೊಮ್ಮೆ ಸಿಗರೇಟಿನ ವಾಸನೆ. ಹಳದಿ ಬಣ್ಣ ನನ್ನ ಕೈ ತಾಗದ ಕಡೆಯಲ್ಲೂ ಸವೆದಿತ್ತು. ವಾಲ್ವಿನ ಒಳಗಿನ ರಬ್ಬರನ್ನು ಆರು ಸಲ ಬದಲಾಯಿಸಬೇಕಾಯಿತು. ರಿಪೇರಿಗೆ ಬಂದ ಫಿಟ್ಟರ್ ಕೊನೆಗೆ ನನ್ನ ಮೇಲೆ ರೇಗಿದ: 'ಯಾರ್ರೀ ಇದನ್ನ ಹೀಗೆ ಹಿಂಡೋರು? ಇದೇನು ವಾಲ್ವಾ, ನಿಮ್ಮ ಶತ್ರುನಾ?'

ಸಾಕು. ಬಾಗಿಲ ಹೊರಗೆ ನಿಂತದ್ದು ಸಾಕು.

ಕಪ್ಪೆಮರಿ, ನೀನು ಈಗ ಕಪ್ಪೆಮರಿಯಲ್ಲ, ನಲವತ್ತು ಮಕ್ಕಳಿಗೆ ಈಜು ಕಲಿಸುವ ಕೋಚ್. ಈ ಪತ್ರವನ್ನು ನನ್ನ ಕೈಗೆ ಕೊಡಲು ಅಲ್ಲಿ ನಿಂತಿದ್ದೀಯ. ಅದಕ್ಕೇ ನಿನಗೇ ಹೇಳುತ್ತೇನೆ. ಕನ್ನಡದಲ್ಲೇ ಹೇಳುತ್ತೇನೆ. ಅವತ್ತು ಆ ವಾಲ್ವನ್ನು ಸರಿಯಾಗಿ ಮುಚ್ಚದೆ ಹೋದವನು ನಾನು. ನಿನ್ನ ನೀರನ್ನು ಹರಿಯಬಿಟ್ಟವನು ನಾನು. ತಪ್ಪಾಯಿತಮ್ಮ.

ಅಯ್ಯೋ ಅಕ್ಕ, ನೀವು ಯಾಕೆ ಎದ್ದಿರಿ? ಸಭಿಕರೇ, ಇವರು ನಮ್ಮ ಕೊಳದ ಸುತ್ತ ತೊಳೆಯುವ ಅಕ್ಕ, ನನಗಿಂತ ಹಿರಿಯರು. ಕೂತ್ಕೊಳ್ಳಿ ಅಕ್ಕ, ಮಂಡಿ ನೋವು ನಿಮಗೆ. ಏನು? ಜೋರಾಗಿ ಹೇಳಿ. ನಾನಲ್ಲವಾ? ನೀವಾ?

ಹಿಂದಿನವರಿಗೆ ಕೇಳಿಸಲಿಲ್ಲ, ನಾನೇ ಹೇಳುತ್ತೇನೆ. ಅವತ್ತು ನಾನು ಹೋದ ಮೇಲೆ ಅಕ್ಕ ಒದ್ದೆ ಬಟ್ಟೆಯನ್ನು ಆ ಚಕ್ರದ ಮೇಲೆ ಒಣಗಲು ಹಾಕಿದರಂತೆ. ತೆಗೆಯುವಾಗ ಸಿಕ್ಕಿಹಾಕಿಕೊಂಡಿತಂತೆ. ಬಟ್ಟೆ ಬಿಡಿಸಲು ಚಕ್ರವನ್ನು ಸ್ವಲ್ಪ ತಿರುಗಿಸಿದರಂತೆ. ಯಾವ ಕಡೆಗೆ ಎಂದು ನೆನಪಿಲ್ಲವಂತೆ. ಅಕ್ಕ, ಅವತ್ತಿನಿಂದ? ದಿನಾ ಬೆಳಗ್ಗೆ? ಪೊರಕೆ ಹಿಡಿದುಕೊಂಡು ಹೋಗಿ ಬಿಗಿಯುತ್ತೀರಾ? ಮೆಟ್ಟಿಲಲ್ಲಿ ಧೂಳಿಲ್ಲದ್ದು... ಅಕ್ಕ, ಆ ಮಂಡಿ ನೋವು ಅಲ್ಲಿಂದಲೇ ಬಂತಾ?

ತಡೆಯಿರಿ, ತಡೆಯಿರಿ. ಸೀಟಿ ಮೇಷ್ಟ್ರೇ, ನೀವು ಸೀಟಿ ಊದಿದರೆ ನನಗೆ ಮಾತು ಮರೆತುಹೋಗುತ್ತದೆ. ನಮ್ಮ ಹಿರಿಯ ಕೋಚ್ ಇವರು, ಸೀಟಿ ಇಲ್ಲದೆ ಮನೆಯಲ್ಲೂ ಮಾತಾಡುವುದಿಲ್ಲ. ಏನು ಮೇಷ್ಟ್ರೇ? ಸ್ಪರ್ಧೆಗೆ ತಳ ಚೆನ್ನಾಗಿ ಕಾಣಲಿ ಅಂತ, ನಾನು ಹೋದ ಮೇಲೆ ಮತ್ತೊಮ್ಮೆ ಬಿಚ್ಚಿ ಮುಚ್ಚಿದಿರಾ? ಎಷ್ಟು ಸುತ್ತು? ಐದಾ! ಏಳೂವರೆ ಮೇಷ್ಟ್ರೇ, ಏಳೂವರೆ! ಹೋಗಲಿ. ಅಂದರೆ ಅವತ್ತಿನಿಂದ ನೀವೂ? ದಿನಾ ಮಧ್ಯಾಹ್ನ ಬಂದು ಬಿಗಿಯುತ್ತೀರಾ?

ಹಾಗಾದರೆ ಸಿಗರೇಟಿನ ವಾಸನೆ ಯಾರದು? ಟಿಕೆಟಣ್ಣ, ಕಂಬದ ಹಿಂದೆ ಸರಿಯಬೇಡ. ಟಿಕೆಟ್ ಕೌಂಟರಿನಲ್ಲಿ ಕುಳಿತು 'ಇಲ್ಲಿ ಧೂಮಪಾನ ಮಾಡಬಾರದು' ಎಂದು ನಮಗೆಲ್ಲ ಬೋರ್ಡು ತೋರಿಸುವ ನನ್ನ ಗೆಳೆಯ! ಹೇಳಪ್ಪ. ಗುಂಡಿಯಲ್ಲಿ ಕುಳಿತು ಸೇದುತ್ತಿದ್ದೆಯಾ? ಚಕ್ರದ ಮೇಲೆ ಕಾಲಿಟ್ಟುಕೊಂಡು? ಅದು ತಿರುಗಿತೋ ಏನೋ ಎಂದು... ಹದಿನಾರು ವರ್ಷದಿಂದ ಕಾಲಿಟ್ಟದ್ದಕ್ಕೆ ಕೈಯಿಂದ ಬಿಗಿಯುತ್ತಿದ್ದೀಯಾ? ನಾವಿಬ್ಬರೂ ದಿನಾ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತೇವೆ ಮಾರಾಯ! ಒಂದು ಮಾತು ಹೇಳಬಾರದಿತ್ತಾ? ನಾನೂ ಹೇಳಲಿಲ್ಲ ಅಂತೀಯಾ. ಅದೂ ನಿಜ.

ಸಭಿಕರೇ, ನೋಡಿದಿರಾ ಆ ಒಂದು ವಾಕ್ಯದ ಕೆಲಸ! ಅದರಲ್ಲಿ ಒಂದು ಹೆಸರು ಬರೆದಿದ್ದರೆ ಒಬ್ಬನಿಗೆ ಒಂದು ದಿನ ಬೈಗುಳ ಸಿಗುತ್ತಿತ್ತು. ಹೆಸರಿನ ಜಾಗ ಖಾಲಿ ಬಿಟ್ಟದ್ದಕ್ಕೆ ನಾಲ್ಕು ಜನ ಬಂದು ಕುಳಿತುಕೊಂಡೆವು, ಒಬ್ಬರ ತೊಡೆಯ ಮೇಲೆ ಒಬ್ಬರು, ಒಬ್ಬರಿಗೊಬ್ಬರು ಕಾಣದ ಹಾಗೆ.

ಕಪ್ಪೆಮರಿ, ನೀನು ಯಾಕೆ ಮೈಕಿನ ಹತ್ತಿರ ಬಂದೆ? ನಗುತ್ತಿದ್ದೀಯೋ ಅಳುತ್ತಿದ್ದೀಯೋ? ಕಿವಿಯಲ್ಲಿ ಹೇಳು.

ಇದನ್ನು ಹೇಳಲೇ? ಹೇಳಿ ಅನ್ನುತ್ತಿದ್ದಾಳೆ. ಸ್ಪರ್ಧೆಯ ಹಿಂದಿನ ದಿನ ಇವಳಿಗೆ ವಿಪರೀತ ಭಯವಾಗಿತ್ತಂತೆ. ನಾಳೆ ಕೊಳದಲ್ಲಿ ನೀರೇ ಇರದಿರಲಿ ಎಂದು ಕಣ್ಣುಮುಚ್ಚಿ ನೂರು ಸಲ ಅಂದುಕೊಂಡಳಂತೆ. ಬೆಳಗ್ಗೆ ಬಂದು ನೋಡಿದರೆ ನೀರಿಲ್ಲ! ತಾನು ಅಂದುಕೊಂಡದ್ದರಿಂದಲೇ ಕೊಳ ಖಾಲಿಯಾಯಿತು ಎಂದು... ಪುಟ್ಟಿ, ಅದಕ್ಕೇ ನೀನು ಅಳಲಿಲ್ಲವಾ? ಅದಕ್ಕೇ ಇಲ್ಲಿಗೇ ಕೆಲಸಕ್ಕೆ ಬಂದೆಯಾ? ನೀನೂ ಬಿಗಿಯುತ್ತೀಯಾ? ಇಲ್ಲವಂತೆ. ಮಕ್ಕಳು ನೀರಿಗೆ ಇಳಿಯುವ ಮೊದಲು ದಿನಾ ಕೊಳವನ್ನು ನೋಡಿ, ಇರು, ಇರು, ಎಂದು ಮನಸ್ಸಿನಲ್ಲೇ ಹೇಳುತ್ತಾಳಂತೆ. ಅಷ್ಟೇ ಸಾಕಮ್ಮ. ಹದಿನಾರು ವರ್ಷ ನೀರು ನಿಂತದ್ದು ನಿನ್ನ ಮಾತಿಗೋ ನಮ್ಮ ಕೈಗೋ, ಯಾರಿಗೆ ಗೊತ್ತು?

ಸಾಹೇಬರು ಒಂದು ಚೀಟಿ ಕೊಡುತ್ತಿದ್ದಾರೆ. ಸಮಯವಾಯಿತು ಎಂದೇ? ಮುಗಿಸುತ್ತೇನೆ ಸರ್, ಮುಗಿಸುತ್ತೇನೆ. ಅಲ್ಲವಂತೆ, ಓದು ಅನ್ನುತ್ತಿದ್ದಾರೆ. ಗಟ್ಟಿಯಾಗಿಯೇ ಓದಲೇ? ತಲೆಯಾಡಿಸಿದರು.

ಕನ್ನಡದಲ್ಲಿದೆ. ಸಾಹೇಬರ ಕನ್ನಡ ಅಕ್ಷರ ನಾನು ನೋಡಿದ್ದು ಇದೇ ಮೊದಲು. 'ನಾನು ಅವತ್ತು ಗುಂಡಿಗೆ ಇಳಿಯಲೇ ಇಲ್ಲ. ಮೆಟ್ಟಿಲು ಜಾರುವ ಹಾಗಿತ್ತು. ಮೇಲೆ ನಿಂತು ಬರೆದೆ. ಆ ಪೈಪು ಒಡೆದಿತ್ತೋ, ವಾಲ್ವ್ ತೆರೆದಿತ್ತೋ, ನಾನು ನೋಡಿಲ್ಲ.'

ಒಂದು ನಿಮಿಷ. ನೀರು ಕುಡಿಯುತ್ತೇನೆ.

ಸಾಹೇಬರೇ, ಕೈ ಮುಗಿಯುತ್ತೇನೆ, ಏಳಬೇಡಿ. ನಿಮ್ಮ ಮೇಲೆ ನಮಗೆ ಸಿಟ್ಟು ಬರಬೇಕಾಗಿತ್ತು. ಅಕ್ಕನ ಮುಖ ನೋಡುತ್ತೇನೆ, ಮೇಷ್ಟ್ರ ಮುಖ ನೋಡುತ್ತೇನೆ, ಸಿಟ್ಟು ಕಾಣುತ್ತಿಲ್ಲ. ನಗು ತಡೆದುಕೊಳ್ಳುತ್ತಿದ್ದಾರೆ. ಆ ಪೈಪನ್ನು ಮರುವರ್ಷ ಕಿತ್ತು ಹೊಸದು ಹಾಕಿದರು. ಹಳೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಂದರೆ ಯಾರು ಎಂಬುದು ಇನ್ನು ಎಂದಿಗೂ ತಿಳಿಯುವುದಿಲ್ಲ. ನಾನೇ ಇದ್ದರೂ ಇರಬಹುದು. ನನ್ನ ಪಾಲಿನ ತಪ್ಪನ್ನು ನಾನು ಬಿಟ್ಟುಕೊಡುವುದಿಲ್ಲ, ಅದರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಆದರೆ ಇವತ್ತಿನಿಂದ ಅದು ಐದು ಪಾಲು. ಸಾಹೇಬರನ್ನು ಸೇರಿಸಿದರೆ ಆರು. ಹೊರಬಹುದು.

ಕೊಡಮ್ಮ ಪತ್ರ. ತೆಗೆದುಕೊಳ್ಳುತ್ತೇನೆ. 'ಒಂದು ದಿನವೂ ಕರ್ತವ್ಯಲೋಪವಿಲ್ಲದೆ' ಎಂದು ಬರೆದದ್ದು ಹಾಗೇ ಇರಲಿ. ಮಾರ್ಕ್ಸ್ ಹೋಗಲ್ಲ ಎಂದು ಮಗಳು ಅಲ್ಲಿಂದ ಕೈ ತೋರಿಸುತ್ತಿದ್ದಾಳೆ.

ಇನ್ನು ವಂದನೆಗಳು. ಕೊನೆಯ ಹಾಳೆಯಲ್ಲಿ ಎಲ್ಲರ ಹೆಸರು ಬರೆದಿದ್ದೆ. ಕೊನೆಯ ಹಾಳೆ... ಇಲ್ಲಿದೆ. ಸಮಿತಿಗೆ, ಕುರ್ಚಿ ಹಾಕಿದವರಿಗೆ, ಮೈಕಿನವರಿಗೆ...

ಒಂದು ಸಂದೇಹ. ಇವತ್ತು ಸಮಾರಂಭ ಎಂದು ಕೊಳವನ್ನು ಮಧ್ಯಾಹ್ನವೇ ಮುಚ್ಚಿದೆವು. ನಾನು ಇಳಿದು ಏಳೂವರೆ ಸುತ್ತು ಬಿಗಿದೆ. ಎಣಿಸಿದ್ದೇನೆ. ಏಳರ ಹತ್ತಿರ ಬಂದಾಗ ಈ ಭಾಷಣದ ಮೊದಲ ಸಾಲು ನೆನಪಾಗಲಿಲ್ಲ ಎಂದು ಒಂದು ಕ್ಷಣ... ಅಕ್ಕ, ಆಮೇಲೆ ನೀವು ಇಳಿದಿರಿ ತಾನೇ? ಹೊಸ ಸೀರೆ ಉಟ್ಟಿದ್ದಿರಿ, ಇಳಿಯಲಿಲ್ಲ. ಮೇಷ್ಟ್ರೇ? ಕುರ್ಚಿ ಜೋಡಿಸುತ್ತಿದ್ದಿರಿ. ಟಿಕೆಟಣ್ಣ? ಇವತ್ತು ಸೇದಿಲ್ಲವಂತೆ, ಇವತ್ತೇ ಬಿಟ್ಟನಂತೆ! ಪುಟ್ಟಿ, ನೀನು ಕೊಳವನ್ನು ನೋಡಿ ಇರು ಎಂದೆಯಾ? ಮರೆತೆಯಾ?

ಅಂದರೆ ಹದಿನಾರು ವರ್ಷದಲ್ಲಿ ಮೊದಲ ಸಲ ನಾವೆಲ್ಲ ಒಂದೇ ಕಡೆ ಇದ್ದೇವೆ, ಮತ್ತು ಆ ವಾಲ್ವಿನ ಹತ್ತಿರ ಈಗ ಯಾರೂ, ಒಬ್ಬರೂ, ನಮ್ಮವರು ಅನ್ನುವವರು... ಇಲ್ಲ. ನಾನು ಹೇಳಲಿಲ್ಲವೇ, ನಮ್ಮ 'ಇಲ್ಲ' ಕೊನೆಗೇ ಬರುತ್ತದೆ.

ಸಭಿಕರೇ, ದಯವಿಟ್ಟು ಕುಳಿತಿರಿ. ಹೊರಗೆ ಚಹಾ ಇದೆ; ಒಲೆಯನ್ನು ಆಮೇಲೆ ಯಾರಾದರೂ ಆರಿಸಿ, ಆರಿಸಿದವರು ನನಗೆ ಬಂದು ಹೇಳಿ. ನಾವು ಹೋಗಿ ನೋಡಿಕೊಂಡು ಬರುತ್ತೇವೆ. ಅಕ್ಕ ಮೇಲೆ ನಿಂತು ಬ್ಯಾಟರಿ ಹಿಡಿಯಲಿ, ಮೇಷ್ಟ್ರು ಗಟ್ಟಿಯಾಗಿ ಎಣಿಸಲಿ.

ಸಾಹೇಬರೇ, ನೀವೂ ಬನ್ನಿ. ಹನ್ನೊಂದೇ ಮೆಟ್ಟಿಲು. ಜಾರುವುದಿಲ್ಲ, ಅಕ್ಕ ದಿನಾ ಗುಡಿಸಿದ್ದಾರೆ. ಕೈ ಕೊಡಿ, ನಾನು ಹಿಡಿದುಕೊಳ್ಳುತ್ತೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ, ನಕ್ಕಿದ್ದಕ್ಕೆ, ಎದ್ದು ಹೋಗದೇ ಇದ್ದದ್ದಕ್ಕೆ ನಿಮ್ಮೆಲ್ಲರಿಗೂ ನನ್ನ ವಂದನೆಗಳು. ಮೈಕ್ ಆರಿಸಿದ್ದೇನೆಯೇ ಎಂದು ಬಂದು ಇನ್ನೊಂದ್ಸಲ ನೋಡುತ್ತೇನೆ. ನಮಸ್ಕಾರ.